ಹಿಂಬದಿಯಲ್ಲಿ ಬರೆದ ನೀರು

ನಮ್ಮ ಡ್ರಾಯಿಂಗ್ ಮಾಸ್ತರರಿಗೆ ಚಿತ್ರದ ಮೇಲೆ ಊರಿನ ಹೆಸರು ಬರೆಯುವ ರೂಢಿ ಇರಲಿಲ್ಲ. ಸಹಿಯನ್ನೂ ಹಾಕುತ್ತಿರಲಿಲ್ಲ. ಜಲವರ್ಣದ ಹಾಳೆ ಒಣಗಿದ ಮೇಲೆ ಅದನ್ನು ಮಗುಚಿ, ಹಿಂಬದಿಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಎರಡು ಸಂಗತಿ ಬರೆಯುತ್ತಿದ್ದರು. ಒಂದು ಹೊತ್ತು, ಇನ್ನೊಂದು ಬಣ್ಣ ಕಲಸಿದ ನೀರು. ‘ಮುಂಜಾನೆ 7. ನೀರು: ಹೊಂಡ.’ ‘ಇಳಿಹೊತ್ತು. ನೀರು: ಸ್ಟೇಶನ್ ನಳ.’ ಅವರ ಜೋಳಿಗೆಯಲ್ಲಿ ಸದಾ ಒಂದು ಖಾಲಿ ಟಾನಿಕ್ ಬಾಟಲಿ ಇರುತ್ತಿತ್ತು. ಹೋದ ಊರಿನ ನೀರನ್ನು ಅದರಲ್ಲಿ ತುಂಬಿಕೊಂಡ ಮೇಲೆಯೇ ಅವರು ಕುಂಚ ತೆಗೆಯುತ್ತಿದ್ದರು.

ಮಾಸ್ತರರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷಾಂತಕ್ಕೆ ನವನಗರದಲ್ಲಿ ಒಂದು ಸಣ್ಣ ಪ್ರದರ್ಶನ ಮಾಡೋಣ ಎಂದು ಹಳೆಯ ವಿದ್ಯಾರ್ಥಿಗಳು ಸೇರಿ ನಿಶ್ಚಯಿಸಿದೆವು. ಕಾಕು ತಗಡಿನ ಟ್ರಂಕನ್ನು ನಮ್ಮ ಮುಂದೆ ಇಟ್ಟು ಅಡುಗೆಮನೆಗೆ ಹೋದರು. ಮಾಸ್ತರರನ್ನು ನಾವು ಮಾಸ್ತರರೆಂದೇ ಕರೆಯುತ್ತಿದ್ದೆವು. ಅವರ ಹೆಂಡತಿ ಮಾತ್ರ ಮೊದಲಿನಿಂದಲೂ ಎಲ್ಲರಿಗೂ ಕಾಕು. ಟ್ರಂಕಿನಲ್ಲಿ 40 ಚಿತ್ರಗಳಿದ್ದವು. ಒಂದರ ಕೆಳಗೂ ಸ್ಥಳದ ಹೆಸರಿಲ್ಲ. ‘ಹೆಸರಿಲ್ಲದೆ ತೂಗುಹಾಕಿದರೆ ನೋಡಿದವರು ಏನೆಂದುಕೊಳ್ಳಬೇಕು?’ ಎಂದ ನನ್ನ ಗೆಳೆಯ. ಅವನು ಸರಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಹೆಸರು, ಕ್ರಮಸಂಖ್ಯೆ, ರೂಲು ಎಳೆದ ರಿಜಿಸ್ಟರ್ ಇಲ್ಲದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ.

ದೂರದ ಊರುಗಳ ಚಿತ್ರಗಳನ್ನು ಒಂದೇ ಸಂಜೆಯಲ್ಲಿ ವಿಂಗಡಿಸಿದೆವು. ಮಾಸ್ತರರು ಧಾರವಾಡದಲ್ಲಿ ಕಲಿತವರು, ಆರ್ಟ್ ಮಾಸ್ಟರ್ ಪರೀಕ್ಷೆ ಪಾಸಾಗಿ ಬಾಗಲಕೋಟೆಯ ಶಾಲೆ ಸೇರಿದವರು. ಬೇಸಿಗೆ ರಜೆ ಬಂತೆಂದರೆ ಜೋಳಿಗೆ ಹೆಗಲಿಗೇರುತ್ತಿತ್ತು. ಅಜಂತಾ, ಶಾಂತಿನಿಕೇತನ, ಕೋನಾರ್ಕ, ಸಿತ್ತನ್ನವಾಸಲ್, ಮಟ್ಟಾಂಚೇರಿ, ಶ್ರೀನಗರ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲು ತೆಗೆದು ಯುರೋಪಿಗೂ ಹೋಗಿ ಬಂದರು. ನೀರನ್ನು ನೋಡಿದರೆ ಊರು ತಿಳಿಯುತ್ತಿತ್ತು. ‘ನೀರು: ದಾಲ್’ ಎಂದರೆ ಶ್ರೀನಗರ. ‘ನೀರು: ಹೋಟೆಲ್ ನಳ. ಸೀನ್ ನದಿಗೆ ಇಳಿಯಲು ಜೊತೆಗಿದ್ದವರು ಬಿಡಲಿಲ್ಲ’ ಎಂದರೆ ಪ್ಯಾರಿಸ್. ‘ನೀರು: ಗಂಗಾ’ ಎಂದು ಬರೆದ ಚಿತ್ರಗಳು ಮೂರಿದ್ದವು. ಎರಡರಲ್ಲಿ ಘಾಟು, ದೋಣಿ, ಛತ್ರಿ. ಮೂರನೆಯದರಲ್ಲಿ ಇಳಿಜಾರಿನ ಒಂದು ಓಣಿ, ಎರಡೂ ಕಡೆ ಕಲ್ಲಿನ ಮನೆ, ಒಂದು ಕಟ್ಟೆಯ ಮೇಲೆ ಹಾಸಿದ ಬಟ್ಟೆ, ಬಟ್ಟೆಯ ತುಂಬ ಬಿಳಿ ಚುಕ್ಕೆ, ಓಣಿಯ ತುದಿಯಲ್ಲಿ ಬೂದುನೀಲಿಯ ಒಂದು ಪಟ್ಟಿ. ‘ಕಾಶಿಯ ಗಲ್ಲಿ. ಹೂ ಮಾರುವವಳ ಬಟ್ಟೆ. ಆ ತುದಿಗೆ ಕಾಣುವುದು ಗಂಗೆ’ ಎಂದು ಗೆಳೆಯ ಮೂರನ್ನೂ ಒಂದೇ ಲಕೋಟೆಗೆ ಹಾಕಿದ. ಮನೆಗಳ ಮಾಳಿಗೆ ನನಗೆ ಸ್ವಲ್ಪ ವಿಚಿತ್ರವೆನಿಸಿತು. ಆದರೆ ನಾನು ಕಾಶಿ ನೋಡಿಲ್ಲ, ಸುಮ್ಮನಾದೆ.

ಕೊನೆಗೆ ಉಳಿದವು ಹತ್ತು. ಎಲ್ಲವೂ ನಮ್ಮ ಸೀಮೆಯವೇ. ಅವನ್ನು ಕಾರಿನ ಹಿಂದಿನ ಸೀಟಿನಲ್ಲಿ ಹಾಸಿದ ಕಂಬಳಿಯ ಮೇಲಿಟ್ಟು, ಡಿಸೆಂಬರ್ ಕೊನೆಯ ವಾರ ಇಬ್ಬರೂ ಹೊರಟೆವು. ನಾನು ಹಿಂದೆ ಬೋರ್ಡ್ ಬರೆಯುತ್ತಿದ್ದೆ, ಈಗ ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ನಾಲ್ಕು ದಿನ ಅಂಗಡಿ ಮುಚ್ಚಿದರೆ ಊರಿನ ಹುಟ್ಟುಹಬ್ಬಗಳಿಗೇನೂ ಧಕ್ಕೆಯಾಗುವುದಿಲ್ಲ.

ಮೊದಲ ದಿನ: ಬಾದಾಮಿ

ಬಿಸಿಲು ಏರುವ ಮೊದಲೇ ಹೊಂಡದ ದಂಡೆಯಲ್ಲಿದ್ದೆವು. ‘ನೀರು: ಹೊಂಡ’ ಎಂದಿದ್ದ ಎರಡು ಚಿತ್ರಗಳು ಅಗಸ್ತ್ಯ ಹೊಂಡದವೇ ಎಂಬುದರಲ್ಲಿ ಸಂಶಯವಿರಲಿಲ್ಲ. ಯಾವ ದಂಡೆ, ಯಾವ ಕಲ್ಲು ಎಂಬುದಷ್ಟೇ ಗೊತ್ತಾಗಬೇಕಿತ್ತು. ಮೊದಲನೆಯದರಲ್ಲಿ ಭೂತನಾಥ ಗುಡಿ ಹೆಬ್ಬೆರಳಿನ ಉಗುರಿನಷ್ಟು. ಉಳಿದ ಹಾಳೆಯೆಲ್ಲ ಬಟ್ಟೆ ಒಗೆಯುವ ಮೆಟ್ಟಿಲು, ಹಿಂಡಿದ ಸೀರೆ, ಬಗ್ಗಿದ ಬೆನ್ನುಗಳು.

ಎಂಟನೆಯ ತರಗತಿಯಲ್ಲಿ ನಮ್ಮನ್ನು ಇಲ್ಲಿಗೆ ಕರೆತಂದದ್ದು ನೆನಪಾಯಿತು. ಶಾಲೆಯ ಪ್ರವಾಸದ ಬಸ್ಸು ಇಳಿದೊಡನೆ ಉಳಿದ ಮಾಸ್ತರರು ಗುಹೆಗಳ ಕಡೆಗೆ ಹುಡುಗರನ್ನು ಸಾಲು ಹಿಡಿಸಿದರೆ, ಇವರು ನಮ್ಮನ್ನು ಮೆಟ್ಟಿಲ ಮೇಲೆ ಗುಹೆಗಳಿಗೆ ಬೆನ್ನು ಮಾಡಿ ಕೂಡಿಸಿದರು. ‘ಮೊದಲು ನೀರಿನಲ್ಲಿ ಬಿದ್ದ ಗುಡ್ಡವನ್ನು ಬರೆಯಿರಿ. ಅದು ಬಂದರೆ ಮೇಲಿನ ಗುಡ್ಡ ತಾನಾಗಿಯೇ ಬರುತ್ತದೆ.’ ಒಬ್ಬರಿಗೂ ಬರಲಿಲ್ಲ. ಅಗಸಗಿತ್ತಿಯರು ಬಟ್ಟೆ ಬಡಿದಾಗಲೆಲ್ಲ ನೀರಿನ ಗುಡ್ಡ ಚೂರುಚೂರಾಗುತ್ತಿತ್ತು. ಅದನ್ನೇ ಬರೆಯಿರಿ ಎಂದರು.

ಬಾದಾಮಿಯ ಮರಳುಗಲ್ಲಿನ ಬಣ್ಣದ ಬಗ್ಗೆ ಅವರಿಗೆ ಹಟವಿತ್ತು. ಹುಡುಗರು ಟ್ಯೂಬಿನಿಂದ ನೇರ ಕೆಂಪು ಹಿಂಡಿದರೆ ಕೈ ಹಿಡಿದು ತಡೆಯುತ್ತಿದ್ದರು. ಮುಂಜಾನೆ ಅದು ಹಳದಿ ಮಣ್ಣಿಗೆ ಹತ್ತಿರ, ಮಧ್ಯಾಹ್ನ ಬಣ್ಣವೇ ಆರಿಹೋದ ಇಟ್ಟಿಗೆ, ಸಂಜೆ ಐದರ ನಂತರ ಮಾತ್ರ ಕೆಂಪು. ಅದೂ ಕಲ್ಲಿನದಲ್ಲ, ಸೂರ್ಯನದು ಎನ್ನುತ್ತಿದ್ದರು. ಈ ಮಾತನ್ನು ಪರೀಕ್ಷಿಸಲೆಂದೇ ನಾವು ಇಡೀ ದಿನ ಒಂದೇ ಕಡೆ ಕುಳಿತೆವು. ಗೆಳೆಯ ಮೊಬೈಲಿನಲ್ಲಿ ಗಂಟೆಗೊಂದು ಫೋಟೋ ತೆಗೆದ. ಫೋಟೋದಲ್ಲಿ ಮೂರೂ ಹೊತ್ತು ಒಂದೇ ಕೆಂಪು. ಮೊಬೈಲಿಗೆ ಬಾದಾಮಿ ಎಂದರೆ ಕೆಂಪು ಎಂದು ಯಾರೋ ಮೊದಲೇ ಹೇಳಿಕೊಟ್ಟಂತಿತ್ತು.

ನಡುವೆ ಮೂರನೆಯ ಗುಹೆಗೆ ಹತ್ತಿ ಬಂದೆವು. ಚಾಲುಕ್ಯ ಮಂಗಳೇಶ ವಿಷ್ಣುವಿಗಾಗಿ ಕೊರೆಸಿದ ಈ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಹಾಗಾಗಿ ನಾಲ್ಕು ಗುಹೆಗಳಲ್ಲಿ ಇದೊಂದರ ಕಾಲ ಕರಾರುವಾಕ್ಕಾಗಿ ಗೊತ್ತು. ನೋಡಲು ಬಂದವರು ಹಾವಿನ ಮೇಲೆ ಕುಳಿತ ವಿಷ್ಣುವಿನ ಮುಂದೆ, ತ್ರಿವಿಕ್ರಮನ ಮುಂದೆ ನಿಲ್ಲುತ್ತಾರೆ. ಮಾಸ್ತರರು ನಮ್ಮನ್ನು ಹೊರಗಿನ ಚಾಚಿನ ಕೆಳಗೆ ನಿಲ್ಲಿಸಿ ಕತ್ತು ಎತ್ತಿಸಿದ್ದರು. ಅಲ್ಲಿ ಬಣ್ಣದ ಚೂರುಗಳಿವೆ. ಸಿಂಹಾಸನದ ಮೇಲೆ ಒರಗಿ ಕುಳಿತ ಆಕೃತಿ, ಕುಣಿಯುವವರು, ವಾದ್ಯ ಹಿಡಿದವರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಜಗನ್ನಾಥ ಅಹಿವಾಸಿಯವರು ಈ ಚಿತ್ರಗಳ ಪ್ರತಿ ಮಾಡಿದವರು. ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಮಾಸ್ತರರ ಬಾಯಿಂದ, ಇದೇ ಚಾಚಿನ ಕೆಳಗೆ. ಪ್ರತಿ ಮಾಡುವವನಿಗೆ ಮೂಲ ಬರೆದವನಿಗಿಂತ ಹೆಚ್ಚು ತಾಳ್ಮೆ ಬೇಕು, ಅವನು ಅಳಿದದ್ದನ್ನೂ ಬರೆಯಬೇಕು ಎಂದಿದ್ದರು. ಈಗ ಕತ್ತೆತ್ತಿದರೆ ನನಗೆ ಕಂಡದ್ದು ಒಂದು ತೋಳು, ಒಂದು ಮುಖದ ಅಂಚು, ಸ್ವಲ್ಪ ಹಸಿರು. ಗೆಳೆಯನಿಗೆ ಇನ್ನೊಂದು ಕೈ ಕಂಡಿತಂತೆ. ನಾನು ಒಪ್ಪಲಿಲ್ಲ.

ಕೆಳಗಿಳಿಯುವಾಗ ಮಂಗವೊಂದು ಗೆಳೆಯನ ಕೈಯಿಂದ ಚುರಮುರಿ ಪೊಟ್ಟಣ ಕಸಿದುಕೊಂಡಿತು. ಪುಣ್ಯಕ್ಕೆ ಚಿತ್ರಗಳಿದ್ದ ಫೈಲು ನನ್ನ ಹತ್ತಿರವಿತ್ತು.

ಐದೂಕಾಲಿಗೆ ಉತ್ತರದ ಗುಡ್ಡ ನಿಜವಾಗಿಯೂ ಕೆಂಪಾಯಿತು. ಎರಡನೆಯ ಚಿತ್ರವನ್ನು ಮುಂದೆ ಹಿಡಿದು ದಂಡೆಯುದ್ದಕ್ಕೂ ನಡೆದೆವು. ಮಾಲೆಗಿತ್ತಿ ಶಿವಾಲಯ ಚಿತ್ರದಲ್ಲಿದ್ದಷ್ಟೇ ಓರೆಯಾಗಿ ಕಾಣುವ ಕಲ್ಲು ಸಿಕ್ಕಿತು. ನಡುವೆ ತಗ್ಗಾಗಿ, ಕುಳಿತುಕೊಳ್ಳಲು ಹದವಾಗಿತ್ತು. ಬಾದಾಮಿಯಲ್ಲೇ ಹುಟ್ಟಿ ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದರೂ ಚಿಕ್ಕಂದಿನಲ್ಲಿ ಇಂಥದೇ ಕಲ್ಲಿನ ಮೇಲೆ ಕುಳಿತಿರಬೇಕು ಎಂದ ಗೆಳೆಯ. ಇರಬಹುದು. ಕೆನ್ ಎಂದರೆ ಹಳಗನ್ನಡದಲ್ಲಿ ಕೆಂಪು.

ಎರಡನೆಯ ದಿನ: ಪಟ್ಟದಕಲ್ಲು, ಐಹೊಳೆ, ಗುಳೇದಗುಡ್ಡ

‘ನೀರು: ಮಲಪ್ರಭೆ, ಕೆಂಪು’ ಮತ್ತು ‘ನೀರು: ಮಲಪ್ರಭೆ, ತಿಳಿ’. ಎರಡೂ ಪಟ್ಟದಕಲ್ಲಿನವು ಎಂದು ನನ್ನ ಊಹೆ, ಒಂದು ಐಹೊಳೆಯದು ಎಂದು ಗೆಳೆಯನ ವಾದ. ಸೋತವರು ಊಟದ ಖರ್ಚು ಕೊಡಬೇಕೆಂದು ಪಂದ್ಯ ಕಟ್ಟಿದೆವು.

ಪಟ್ಟದಕಲ್ಲಿನಲ್ಲಿ ಮಾಸ್ತರರ ಪಾಠ ಬಹಳ ಸರಳ. ಒಂದೇ ಅಂಗಳದಲ್ಲಿ ಉತ್ತರದ ಶಿಖರ, ದಕ್ಷಿಣದ ವಿಮಾನ ಎರಡೂ ಇವೆ. ಕಾಶಿವಿಶ್ವನಾಥ ಗುಡಿಯ ಶಿಖರ ಬೆಳೆಯುತ್ತ ಒಳಗೆ ಬಾಗುತ್ತದೆ, ವಿರೂಪಾಕ್ಷದ ವಿಮಾನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹೆಸರು ಬಾಯಿಪಾಠ ಮಾಡುವ ಮೊದಲು ಎರಡನ್ನೂ ಕಣ್ಣುಮುಚ್ಚಿ ಗಾಳಿಯಲ್ಲಿ ಬೆರಳಿನಿಂದ ಬರೆಯಿರಿ ಎನ್ನುತ್ತಿದ್ದರು. ನಲವತ್ತು ಹುಡುಗರು ಕಣ್ಣುಮುಚ್ಚಿ ಗಾಳಿಯಲ್ಲಿ ಬೆರಳಾಡಿಸುವುದನ್ನು ನೋಡಿ ಅಲ್ಲಿಗೆ ಬಂದಿದ್ದ ವಿದೇಶಿಯೊಬ್ಬ ನಮ್ಮದೇ ಫೋಟೋ ತೆಗೆದಿದ್ದ. ಲೋವರ್ ಗ್ರೇಡ್ ಪರೀಕ್ಷೆಯಲ್ಲಿ ಸ್ಮೃತಿಚಿತ್ರಕ್ಕೆ ನಮ್ಮ ಶಾಲೆಯ ಹುಡುಗರಿಗೆ ಒಳ್ಳೆಯ ಅಂಕ ಬರುತ್ತಿದ್ದುದರ ಗುಟ್ಟು ಇದೇ.

ವಿರೂಪಾಕ್ಷ ಗುಡಿಯ ಮುಂದೆ ಅವರು ಹೇಳುತ್ತಿದ್ದ ಕಥೆ ಇನ್ನೊಂದು ಬಗೆಯದು. ಎರಡನೆಯ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕ್ರಿ.ಶ. 740ರ ಸುಮಾರಿಗೆ ಇದನ್ನು ಕಟ್ಟಿಸಿದಳು ಎಂಬುದು ಎಲ್ಲ ಪುಸ್ತಕಗಳಲ್ಲೂ ಇದೆ. ಮಾಸ್ತರರಿಗೆ ಬೇಕಾಗಿದ್ದುದು ಪೂರ್ವದ ಬಾಗಿಲ ಬಳಿಯ ಶಾಸನ. ಗುಂಡ ಅನಿವಾರಿತಾಚಾರಿ ಎಂಬ ಶಿಲ್ಪಿಯ ಹೆಸರು, ಅವನಿಗೆ ಸಂದ ‘ತ್ರಿಭುವನಾಚಾರಿ’ ಎಂಬ ಬಿರುದು ಅಲ್ಲಿದೆ. ‘ನೋಡಿರಿ, ಕಟ್ಟಿದವನ ಹೆಸರನ್ನೂ ಕೊರೆಯಲು ಬಿಟ್ಟ ದೊರೆ’ ಎಂದು ಅಕ್ಷರಗಳ ಮೇಲೆ ಬೆರಳು ಮುಟ್ಟಿಸದೆ ಆಡಿಸುತ್ತಿದ್ದರು. ಹಾಗಾದರೆ ನೀವೇಕೆ ನಿಮ್ಮ ಹೆಸರು ಬರೆಯುವುದಿಲ್ಲ ಮಾಸ್ತರ ಎಂದು ನಾನು ಒಮ್ಮೆ ಕೇಳಿದ್ದೆ. ‘ನನಗೆ ಬಿರುದು ಯಾರು ಕೊಟ್ಟಿದ್ದಾರೆ?’ ಎಂದು ನಕ್ಕಿದ್ದರು.

ನದಿ ಇಲ್ಲಿ ಉತ್ತರಕ್ಕೆ ತಿರುಗುತ್ತದೆ. ಗುಡಿಗಳ ಹಿಂದಿನ ದಂಡೆಗೆ ಇಳಿದು ಎರಡೂ ಚಿತ್ರ ಹಿಡಿದೆವು. ತಿಳಿನೀರಿನ ಚಿತ್ರ ಇಲ್ಲಿಯದೇ. ಪಾಪನಾಥ ಗುಡಿಯ ಬೆನ್ನು, ನಡುವೆ ಮರಳು, ಮರಳಿನಲ್ಲಿ ಕಲ್ಲಂಗಡಿ ಬಳ್ಳಿ. ಈಗ ಮರಳೂ ಇಲ್ಲ, ಬಳ್ಳಿಯೂ ಇಲ್ಲ. 2019ರ ಆಗಸ್ಟ್‌ನಲ್ಲಿ ಇದೇ ನದಿ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಕೆಂಪುನೀರಿನ ಚಿತ್ರ ಮಾತ್ರ ಇಲ್ಲಿಗೆ ಹೊಂದಲೇ ಇಲ್ಲ. ಊಟದ ಖರ್ಚು ನನ್ನ ಪಾಲಿಗೆ ಬಂತು.

ಆ ಚಿತ್ರ ಐಹೊಳೆಯ ಹೊಳೆದಂಡೆಯದು. ಅದನ್ನು ಗುರುತಿಸಲು ಐದು ನಿಮಿಷ ಸಾಕಾಯಿತು. ದುರ್ಗದ ಗುಡಿ, ಲಾಡಖಾನ್ ಗುಡಿಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ನಾನು ಅವುಗಳ ತಂಟೆಗೆ ಹೋಗುವುದಿಲ್ಲ. ನಮ್ಮನ್ನು ಸತಾಯಿಸಿದ್ದು ‘ನೀರು: ಮಳೆ’ ಎಂಬ ಚಿತ್ರ. ಹಾಳೆಯ ತುಂಬ ಆಕಾಶ, ಕೆಳಗೆ ಒಂದು ಗೆರೆಯಷ್ಟು ನೆಲ, ನೆಲದ ಮೇಲೆ ಸಾಸಿವೆಯಷ್ಟು ಊರು. ಎತ್ತರದಿಂದ ನೋಡಿದ್ದು ಎಂಬುದು ಖಚಿತ. ಮೇಗುಟಿ ಗುಡ್ಡ ಹತ್ತಿದೆವು. ಇಮ್ಮಡಿ ಪುಲಿಕೇಶಿಯ ಕಾಲದ ರವಿಕೀರ್ತಿಯ ಶಾಸನವಿರುವ, ಕ್ರಿ.ಶ. 634ರ ಜೈನ ಬಸದಿ ಮೇಲಿದೆ. ಅದರ ಗೋಡೆಗೆ ಒರಗಿ ನಿಂತು ನೋಡಿದರೆ ಚಿತ್ರದ ಊರು ಕಾಲಕೆಳಗೆ ಹಾಗೆಯೇ ಹರಡಿಕೊಂಡಿತ್ತು. ಮಳೆಗೆ ಸಿಕ್ಕಿ ಬಸದಿಯ ಮಾಡಿನ ಕೆಳಗೆ ನಿಂತವರು, ಬಾಟಲಿಯನ್ನು ಮಾಡಿನ ಅಂಚಿಗೆ ಹಿಡಿದು ನೀರು ತುಂಬಿಸಿಕೊಂಡಿರಬೇಕು. ಆಕಾಶದ ಭಾಗದಲ್ಲಿ ಬಣ್ಣ ಎಲ್ಲೂ ಕಾಳುಗಟ್ಟಿಲ್ಲ, ಹಾಲಿನಂತೆ ಹರಿದಿದೆ. ನಮ್ಮ ಸೀಮೆಯ ಗಡಸು ನೀರಿನಲ್ಲಿ ಅಲ್ಟ್ರಾಮರಿನ್ ನೀಲಿ ಹೀಗೆ ಹರಿಯುವುದಿಲ್ಲ, ಸಣ್ಣ ಸಣ್ಣ ಹರಳಾಗಿ ಹಾಳೆಯ ತಗ್ಗುಗಳಲ್ಲಿ ಕೂತುಬಿಡುತ್ತದೆ. ನೀರಿನ ಹೆಸರು ಬರೆಯುವುದು ಅವರ ಹುಚ್ಚು ಎಂದು ಇಷ್ಟು ವರ್ಷ ತಿಳಿದಿದ್ದೆ. ಆ ಗುಡ್ಡದ ಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಹಾಗೆನ್ನಲು ನಾಲಿಗೆ ಏಳಲಿಲ್ಲ. ಹತ್ತು ವರ್ಷ ಬೋರ್ಡ್ ಬರೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ರಾತ್ರಿ ಗುಳೇದಗುಡ್ಡದಲ್ಲಿ ಗೆಳೆಯನ ಸೋದರಮಾವನ ಮನೆ. ನೇಕಾರರ ಮನೆ. ‘ನೀರು: ಮಗ್ಗದ ಮನೆ’ ಎಂದಿದ್ದ ಚಿತ್ರವನ್ನು ತೋರಿಸಿದೊಡನೆ ಮುದುಕರು ಅದು ತಮ್ಮ ಪಕ್ಕದ ಮನೆಯ ಕುಣಿಮಗ್ಗ ಎಂದರು. ಮಾಸ್ತರರು ಅಲ್ಲಿಗೆ ಬಂದು ಖಣದ ತುಂಡುಗಳನ್ನು ಕೊಂಡು ಹೋಗುತ್ತಿದ್ದರಂತೆ. ಕುಪ್ಪಸ ಹೊಲಿಸಲು ಅಲ್ಲ. ಕಡುನೀಲಿಯ ಪಕ್ಕ ಆ ಕೆಂಪು ಅಂಚು ಏಕೆ ಉರಿಯುತ್ತದೆ ಎಂದು ಹುಡುಗರಿಗೆ ತೋರಿಸಲು. ನಮಗೆ ತೋರಿಸಿದ್ದರು, ನೆನಪಿದೆ. ತೋರಿಸಿದ ಮೇಲೆ ಆ ತುಂಡುಗಳು ಕಾಕುವಿನ ಪಾಲಾಗುತ್ತಿದ್ದವು. ಹೀಗಾಗಿ ಶಾಲೆಯ ಪಾಠವೆಲ್ಲ ಕೊನೆಗೆ ಕಾಕುವಿನ ಕುಪ್ಪಸವಾಗುತ್ತಿತ್ತು.

ಮೂರನೆಯ ದಿನ: ಕೊಲ್ಹಾರ, ವಿಜಯಪುರ, ಕುಮಟಗಿ

ಬಾಗಲಕೋಟೆಯನ್ನು ಹಾಯ್ದು, ಅನಗವಾಡಿ ಸೇತುವೆ ದಾಟಿ, ಕೊರ್ತಿಯ ಬಳಿ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆಗೆ ಬಂದೆವು. ಹಿನ್ನೀರು ಎರಡೂ ಕಡೆ ಕಣ್ಣು ಹಾಯುವವರೆಗೆ ಹರಡಿತ್ತು. ಸೇತುವೆ ದಾಟಿದರೆ ಕೊಲ್ಹಾರ. ಇಲ್ಲಿಯ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಮಾರುತ್ತಾರೆ, ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ‘ನೀರು: ಕೃಷ್ಣಾ. ಮೊಸರು ತಿಂದ ಕುಡಿಕೆಯಲ್ಲಿ’ ಎಂದು ಬರೆದ ಚಿತ್ರವನ್ನು ಹುಡುಕುವ ಕಷ್ಟವೇನಿತ್ತು! ಅದರಲ್ಲಿ ನದಿಯಿಲ್ಲ, ಸೇತುವೆಯಿಲ್ಲ. ಬುಟ್ಟಿಯ ತುಂಬ ಕುಡಿಕೆ ಜೋಡಿಸಿಕೊಂಡು ಬಸ್ಸಿನ ಕಿಟಕಿಗೆ ಕೈ ಚಾಚಿದ ಹೆಂಗಸು. ಆಕೆಯ ಬೆಳ್ಳಿ ಕಡಗಕ್ಕೆ ಮಾಸ್ತರರು ಬಣ್ಣ ಹಚ್ಚಿಯೇ ಇಲ್ಲ, ಹಾಳೆಯ ಬಿಳಿಯನ್ನು ಹಾಗೆಯೇ ಬಿಟ್ಟಿದ್ದಾರೆ. ನಾವೂ ಎರಡೆರಡು ಕುಡಿಕೆ ಖಾಲಿ ಮಾಡಿದೆವು.

ದೂರದ ಊರುಗಳ ಚಿತ್ರಗಳಲ್ಲೂ ಇದೇ ಕಥೆ. ಅಜಂತಾದ ಚಿತ್ರದಲ್ಲಿ ಗುಹೆಯಿಲ್ಲ, ಬಸ್ಸಿಗೆ ಕಾಯುತ್ತ ಗಂಟಿನ ಮೇಲೆ ನಿದ್ದೆಹೋದ ಕುಟುಂಬವಿದೆ. ಕೋನಾರ್ಕದಲ್ಲಿ ಎಳನೀರಿನ ಚಿಪ್ಪುಗಳ ರಾಶಿ. ಪ್ಯಾರಿಸ್ಸಿನದು ಹೋಟೆಲಿನ ಕಿಟಕಿಯಲ್ಲಿ ಒಣಗಲು ಹಾಕಿದ ಅವರದೇ ಧೋತರ, ಅದರಾಚೆಗೆ ಮಳೆಯಲ್ಲಿ ನೆಂದ ತಗಡಿನ ಚಾವಣಿಗಳು. ನೋಡಲೆಂದು ಹೋದದ್ದನ್ನು ಅವರು ನೋಡಿ ಬರುತ್ತಿದ್ದರು, ಬರೆಯುತ್ತಿದ್ದುದು ಬೇರೆಯದನ್ನು. ಶಾಂತಿನಿಕೇತನದಲ್ಲಿ ಬಿನೋದ್ ಬಿಹಾರಿ ಮುಖರ್ಜಿಯವರು ಹಿಂದಿ ಭವನದ ಗೋಡೆಯ ಮೇಲೆ ಬರೆದ ಸಂತರ ಚಿತ್ರವನ್ನು ಎರಡು ದಿನ ನೋಡಿದೆ ಎಂದು ತರಗತಿಯಲ್ಲಿ ಅರ್ಧ ಗಂಟೆ ವರ್ಣಿಸಿದ್ದರು. ಅಲ್ಲಿಂದ ತಂದ ಚಿತ್ರದಲ್ಲಿ ಇದ್ದದ್ದು ಒಂದು ಸೈಕಲ್ಲು.

ವಿಜಯಪುರದಲ್ಲೂ ಗೋಳಗುಮ್ಮಟದ ಚಿತ್ರವಿಲ್ಲ. ಅದನ್ನು ಕ್ಯಾಲೆಂಡರಿನವರಿಗೆ ಬಿಟ್ಟಿದ್ದೇನೆ ಎನ್ನುತ್ತಿದ್ದರು. ಆದರೂ ಒಳಗೆ ಹೋಗದೆ ಬರಲಾಗುವುದಿಲ್ಲ. ಮೂಲೆಯ ಗೋಪುರದ ಮೆಟ್ಟಿಲು ಹತ್ತುವಷ್ಟರಲ್ಲಿ ಗೆಳೆಯನ ಉಸಿರು ಕಟ್ಟಿತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹ ಕೆಳಗೆ ಮಲಗಿದ್ದಾನೆ, ಮೇಲೆ ಶಾಲೆಯ ಹುಡುಗರು ಕಿರುಚುತ್ತಾರೆ. ನಮ್ಮ ಕಾಲದಲ್ಲೂ ಕಿರುಚಿದ್ದೆವು. ಮಾಸ್ತರರು ಮಾತ್ರ ಗೋಡೆಗೆ ಬಾಯಿಯಿಟ್ಟು ಪಿಸುಮಾತಿನಲ್ಲಿ ನನ್ನ ಹೆಸರು ಕರೆದಿದ್ದರು. ಆಚೆ ಬದಿಯಲ್ಲಿದ್ದ ನನಗೆ ಅವರು ಕಿವಿಯ ಪಕ್ಕದಲ್ಲೇ ನಿಂತಂತೆ ಕೇಳಿತ್ತು. ಈ ಸಲ ಗೆಳೆಯನನ್ನು ಆಚೆಗೆ ಕಳಿಸಿ, ಅವನು ಏನಾದರೂ ಅನ್ನುತ್ತಾನೇನೋ ಎಂದು ಗೋಡೆಗೆ ಕಿವಿಯಿಟ್ಟು ನಿಂತೆ. ಹುಡುಗರ ಗದ್ದಲದಲ್ಲಿ ಏನೂ ಕೇಳಲಿಲ್ಲ. ಕೆಳಗೆ ಬಂದ ಮೇಲೆ ಏನು ಹೇಳಿದೆ ಎಂದು ಕೇಳಿದೆ. ಹಸಿವಾಗಿದೆ ಎಂದಿದ್ದನಂತೆ.

‘ನೀರು: ಬಾವಡಿ’ ಎಂಬ ಚಿತ್ರ ತಾಜ್ ಬಾವಡಿಯದು. ಇಬ್ರಾಹಿಂ ಆದಿಲಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರ ಸುಮಾರಿಗೆ ಕಟ್ಟಿಸಿದ್ದು. ದೊಡ್ಡ ಕಮಾನಿನ ಬಾಗಿಲು, ಒಳಗೆ ನಾಲ್ಕೂ ಕಡೆ ಕಟ್ಟಿದ ಚೌಕದ ನೀರು. ಚಿತ್ರದಲ್ಲಿ ನೀರಿಗೆ ತಲೆಕೆಳಗಾಗಿ ಹಾರುತ್ತಿರುವ ಹುಡುಗನಿದ್ದಾನೆ. ಅವನ ಅಂಗಾಲು ಮಾತ್ರ ಕಮಾನಿನ ಬೆಳಕಿನಲ್ಲಿದೆ. ನಾವು ಹೋದಾಗ ಹಾರುವವರು ಯಾರೂ ಇರಲಿಲ್ಲ. ಗೋಡೆಯ ಮೇಲೆ ಯಾರದೋ ಸ್ವಾಗತದ ಫ್ಲೆಕ್ಸ್ ಇತ್ತು. ನಾನು ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಇಂಥವನ್ನು ದಿನಕ್ಕೆ ಹತ್ತು ಮುದ್ರಿಸುವವನು ಯಾವ ಮುಖದಿಂದ ಬೈಯಬೇಕು?

ಆಸಾರ್ ಮಹಲಿನ ಮುಂದಿನ ಕೊಳವನ್ನೊಮ್ಮೆ ನೋಡಿ, ಮೇಲಿನ ಕೋಣೆಗಳ ಗೋಡೆಯ ಹೂದಾನಿ ಚಿತ್ರಗಳನ್ನು ನೆನೆಸಿಕೊಂಡು, ಬಿಸಿಲು ಇಳಿಯುವ ಮೊದಲು ಸಿಂದಗಿ ರಸ್ತೆ ಹಿಡಿದೆವು. ‘ನೀರು: ಸವುಳು’ ಎಂಬುದಕ್ಕೆ ಗೆಳೆಯನ ಬಳಿ ಉತ್ತರವಿರಲಿಲ್ಲ, ನನ್ನಲ್ಲಿ ಇತ್ತು. ಕುಮಟಗಿಗೆ ನಮ್ಮನ್ನು ಮಾಸ್ತರರು ಸೈಕಲ್ಲಿನ ಮೇಲೆ ಕರೆದೊಯ್ದಿದ್ದರು. ಅಲ್ಲಿ ಕುಡಿದ ಬಾವಿಯ ನೀರು ನಾಲಿಗೆಗೆ ಇಂದಿಗೂ ನೆನಪಿದೆ.

ಕುಮಟಗಿ ಆದಿಲಶಾಹಿ ಸುಲ್ತಾನರ ಬೇಸಿಗೆಯ ತಾಣ. ಕೆರೆಯ ನೀರನ್ನು ಕೊಳವೆಗಳಲ್ಲಿ ತಂದು ಮಂಟಪಗಳ ಚಾವಣಿಯಿಂದ ಜಿನುಗಿಸುತ್ತಿದ್ದರು, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ತುಂತುರು. ಗೋಡೆಗಳ ಮೇಲೆ ಚಿತ್ರಗಳಿದ್ದವು. ಕುದುರೆಯ ಮೇಲೆ ಚೆಂಡಾಟ ಆಡುವವರು, ಕುಸ್ತಿಯವರು. ಇದ್ದವು ಎಂದು ಬರೆಯುವಾಗ ಕೈ ತಡೆಯುತ್ತದೆ, ಏಕೆಂದರೆ ಇನ್ನೂ ಇವೆ. ಆದರೆ ಒಂದು ಕುದುರೆಯ ಹೊಟ್ಟೆಯಲ್ಲಿ ಯಾವನೋ ಪ್ರೇಮಿ ಮೊಳೆಯಿಂದ ಹೆಸರು ಗೀರಿದ್ದಾನೆ. ಮಾಸ್ತರರು ಆ ದಿನ ಈ ಗೋಡೆಯ ಮುಂದೆ ಪಾಠ ಮಾಡಲಿಲ್ಲ. ನಮಗೆ ಹಾಳೆ ಕೊಟ್ಟು, ಕಾಣಿಸುವಷ್ಟನ್ನೇ ಬರೆಯಿರಿ, ಕಾಣಿಸದ್ದನ್ನು ಪೂರ್ತಿ ಮಾಡಬೇಡಿರಿ ಎಂದರು. ನಾನು ಕುದುರೆಗೆ ಇಲ್ಲದ ಕಾಲು ಸೇರಿಸಿದ್ದೆ, ಅಳಿಸಿ ಹಾಕಿದರು. ಅವರ ಸವುಳು ನೀರಿನ ಚಿತ್ರದಲ್ಲಿ ಕುದುರೆಗೆ ಮೂರೇ ಕಾಲು. ಬಣ್ಣ ಒಣಗಿದ ಕಡೆ ಬಿಳಿಯ ಉಪ್ಪು ಸಣ್ಣಗೆ ಹೊಳೆಯುತ್ತದೆ.

ನಾಲ್ಕನೆಯ ದಿನ: ಕೂಡಲಸಂಗಮ, ಬಾಗಲಕೋಟೆ

ಹತ್ತನೆಯದು ‘ನೀರು: ಸಂಗಮ’. ಕೃಷ್ಣೆ ಮಲಪ್ರಭೆಗಳು ಕೂಡುವ ಜಾಗದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಅದು ಮುಳುಗದಂತೆ ಸುತ್ತಲೂ ದುಂಡಗಿನ ಬಾವಿಯಂಥ ಗೋಡೆ ಎತ್ತಿದ್ದಾರೆ. ನೀರಿನ ನಡುವೆ ಮೆಟ್ಟಿಲು ಇಳಿದು ಒಣಗಿದ ನೆಲಕ್ಕೆ ಹೋಗಬೇಕು. ಹೊರಗೆ ನೀರು ತಲೆಗಿಂತ ಮೇಲಿರುತ್ತದೆ. ಮಾಸ್ತರರ ಚಿತ್ರ ಗೋಡೆ ಕಟ್ಟುವ ಮೊದಲಿನದು. ಬಯಲಲ್ಲಿ ನಿಂತ ಸಣ್ಣ ಮಂಟಪ, ಪಕ್ಕದಲ್ಲಿ ಬಿಚ್ಚಿಟ್ಟ ಒಂದು ಜೊತೆ ಚಪ್ಪಲಿ. ಗೆಳೆಯ ರಿಜಿಸ್ಟರಿನಲ್ಲಿ ಕೊನೆಯ ಸಾಲು ತುಂಬಿ, ಸ್ಕೇಲ್ ಇಟ್ಟು ಅಡಿಗೆರೆ ಎಳೆದ.

ಹಿಂದಿರುಗುವಾಗ ಹಳೆ ಬಾಗಲಕೋಟೆಯ ಅಂಚಿನಲ್ಲಿ ಕಾರು ನಿಲ್ಲಿಸಿದೆವು. ಘಟಪ್ರಭೆಯ ಕಡೆಯಿಂದ ಬಂದ ಹಿನ್ನೀರು ಊರಿನ ಕೆಳಭಾಗವನ್ನು ನುಂಗಿ ಎಷ್ಟೋ ವರ್ಷಗಳಾದವು. ಮಾಸ್ತರರ ಹಳೆಯ ಮನೆಯೂ ಅದರಲ್ಲಿ ಹೋಯಿತು. ಮುಳುಗಡೆಯ ನೋಟೀಸು, ಅಳತೆ, ಪರಿಹಾರ, ನವನಗರದ ಸೆಕ್ಟರು ಎಂಬ ಮಾತುಗಳಲ್ಲೇ ನಮ್ಮ ಹರೆಯ ಕಳೆಯಿತು. ಆ ಮನೆಯ ಪಡಸಾಲೆಯಲ್ಲಿ ನಾನು ಮೊದಲು ಕುಂಚ ಹಿಡಿದದ್ದು. ಇಷ್ಟೆಲ್ಲ ಊರು ಬರೆದವರು ಆ ಮನೆಯನ್ನು ಒಮ್ಮೆಯೂ ಬರೆಯಲಿಲ್ಲವಲ್ಲ ಎಂದೆ. ಗೆಳೆಯ ಉತ್ತರಿಸಲಿಲ್ಲ. ನೀರುಕೋಳಿಯೊಂದು ಮುಳುಗಿ ಬಹಳ ದೂರದಲ್ಲಿ ಎದ್ದಿತು.

ನವನಗರದ ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಕಾಕು ರೊಟ್ಟಿ ಬಡಿಯುತ್ತಿದ್ದರು. ಗೆಳೆಯ ನಲವತ್ತೂ ಚಿತ್ರಗಳನ್ನು ಪಡಸಾಲೆಯಲ್ಲಿ ಸಾಲಾಗಿ ಹಾಸಿ, ಒಂದೊಂದರ ಕೆಳಗೂ ಹೆಸರಿನ ಚೀಟಿ ಇಟ್ಟ. ಕಾಕು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದು ಸಾಲಿನುದ್ದಕ್ಕೂ ನಿಧಾನವಾಗಿ ನಡೆದರು. ಅವರು ಮಾಸ್ತರರ ಜೊತೆ ಪ್ರವಾಸ ಹೋದದ್ದು ಒಂದೇ ಸಲ, ಕಾಶಿಗೆ. ಈ ಚಿತ್ರಗಳ ಬಗ್ಗೆ ಅವರನ್ನು ಕೇಳಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮೂರನೆಯ ಗಂಗೆಯ ಮುಂದೆ ನಿಂತರು. ಬಗ್ಗಿ ಚೀಟಿ ಓದಿದರು.

‘ಇದು ಕಾಶಿ ಎಂದು ಯಾರು ಹೇಳಿದರು ತಮ್ಮಾ? ನಮ್ಮ ಓಣಿ. ಇದು ನಮ್ಮ ಕಟ್ಟೆ. ನಾನು ಹಾಕಿದ ಸಂಡಿಗೆ’ ಎಂದು ಬಿಳಿ ಚುಕ್ಕೆಗಳ ಮೇಲೆ ಬೆರಳಿಟ್ಟರು. ‘ಹೊಸ ಮನೆಗೆ ಹೋದ ಮೇಲೆ ಎಲ್ಲಿ ಒಣಗಿಸಲಿ ಎಂದು ಇಲ್ಲಿಯೇ ಹಾಕಿದ್ದೆ.’

‘ಈ ತುದಿಯ ನೀರು?’ ಎಂದ ಗೆಳೆಯ.

‘ಡ್ಯಾಮಿನದು. ಕೆಳಗಿನ ಓಣಿಯವರೆಗೆ ಬಂದಿತ್ತು. ನಾಳೆ ಲಾರಿ ಬರುತ್ತದೆ, ಸಾಮಾನು ಕಟ್ಟಬೇಕು ಎಂದರೆ ಇವರು ಹಾಳೆ ಹಚ್ಚಿಕೊಂಡು ಕುಳಿತರು.’

ಹಿಂಬದಿಯಲ್ಲಿ ಗಂಗಾ ಎಂದಿದೆಯಲ್ಲ ಕಾಕು ಎಂದೆ.

‘ಮತ್ತೇನು ಬರೆಯುತ್ತಾರೆ? ಕಾಶಿಯಿಂದ ತಂದ ಗಂಗೆಯ ಗಿಂಡಿ ದೇವರ ಜಗುಲಿಯ ಮೇಲಿತ್ತು. ಬಾಯಿಗೆ ಬೆಸುಗೆ ಹಾಕಿದ್ದು. ಕೊನೆಗಾಲಕ್ಕೆ ಇಬ್ಬರಿಗೂ ಆಗುತ್ತದೆ ಎಂದು ನಾನೇ ಹೊತ್ತು ತಂದಿದ್ದೆ. ಮೊಳೆ ಹೊಡೆದು ತೂತು ಮಾಡಿ ಎಲ್ಲವನ್ನೂ ಬಣ್ಣಕ್ಕೆ ಸುರಿದುಕೊಂಡರು. ಎಂಟು ದಿನ ನಾನು ಮಾತು ಬಿಟ್ಟಿದ್ದೆ.’

ಗೆಳೆಯ ಬಗ್ಗಿ ‘ಕಾಶಿ’ ಎಂಬ ಚೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

‘ಹೋದ ವರ್ಷ ಆ ರಾತ್ರಿ ಮನೆಯಲ್ಲಿ ಒಂದು ಹನಿ ಗಂಗೆ ಇರಲಿಲ್ಲ’ ಎಂದರು ಕಾಕು. ‘ನಳದ ನೀರನ್ನೇ ಬಾಯಿಗೆ ಬಿಟ್ಟೆ. ಅದೂ ಆ ಹಿನ್ನೀರಿನದೇ.’

ಚಿತ್ರವನ್ನು ಎತ್ತಿ ಸೆರಗಿನ ತುದಿಯಿಂದ ಅದರ ಅಂಚು ಒರೆಸಿ, ಸಾಲಿನಿಂದ ಸ್ವಲ್ಪ ಆಚೆಗೆ, ಗೋಡೆಗೆ ಆನಿಸಿ ಇಟ್ಟರು. ‘ಇದನ್ನು ಪ್ರದರ್ಶನಕ್ಕೆ ಬೇಕಾದರೆ ಒಯ್ಯಿರಿ, ತಿರುಗಿ ತಂದುಕೊಡಿರಿ. ಈಗ ಏಳಿರಿ, ಕೈ ತೊಳೆದುಕೊಳ್ಳಿರಿ. ರೊಟ್ಟಿ ಆರುತ್ತವೆ.’